ಹಿನ್ನೀರಿನ ದಂಡಿ: ನಮ್ಮ ಬದುಕು, ಹಕ್ಕಿಗಳ ಬದುಕು

(ನಮ್ಮ ಸಹಕಾರಿ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ಸದಸ್ಯರೂ ನಿವೃತ್ತ ಶಿಕ್ಷಕರೂ ಆದವರೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತಾಡಿದವರು ಷೇರು ಬಂಡವಾಳ, ಠೇವಣಿ, ಸಾಲ ವಸೂಲಾತಿ ಇವೆಲ್ಲದರ ಲೆಕ್ಕ ಸೊಗಸಾಗಿ ಹೇಳಿದ್ದಾರೆ. ಆ ಲೆಕ್ಕ ನನಗೆ ಅಷ್ಟಾಗಿ ಬರುವುದಿಲ್ಲ. ಅಧ್ಯಕ್ಷರು, ‘ಮಾಸ್ತರ್ರ, ನೀವು ದಿನಾ ಮುಂಜಾನೆ ದಂಡಿಗೆ ಹೋಗಿ ಹಕ್ಕಿ ನೋಡತೀರಿ, ಅದರ ಬಗ್ಗೆನೇ ನಾಕು ಮಾತು ಹೇಳ್ರಿ’ ಅಂದರು. ಸಂಘದ ಹಬ್ಬದಲ್ಲಿ ಹಕ್ಕಿಗೇನು ಕೆಲಸ ಅಂತ ನಿಮಗೆ ಅನಿಸಬಹುದು. ಕೆಲಸ ಐತಿ. ನಮ್ಮ ಸಂಘದ ಸಾಲ ಯಾವ ಹೊಲಕ್ಕೆ ಹೋಗುತ್ತದೋ ಅದೇ ಹೊಲಕ್ಕೆ ಹಕ್ಕಿ ಇಳಿಯುತ್ತದೆ. ನಮ್ಮ ಸಂಘದಿಂದ ಕೊಂಡ ಬಲೆ ಯಾವ ನೀರಿಗೆ ಬೀಳುತ್ತದೋ ಅದೇ ನೀರಿನಲ್ಲಿ ಹಕ್ಕಿ ಮೀನು ಹಿಡಿಯುತ್ತದೆ. ಹಾಗಾಗಿ ಇದು ಮನೆಯ ಮಾತೇ ಹೊರತು ಹೊರಗಿನ ಮಾತಲ್ಲ.

ದಂಡಿ ಹುಟ್ಟಿದ ಬಗೆ

ಇಲ್ಲಿ ಕುಳಿತ ಮಕ್ಕಳಿಗೆ ಈ ನೀರು ಮೊದಲಿನಿಂದಲೂ ಹೀಗೇ ಇತ್ತು ಅನಿಸುತ್ತದೆ. ಹಿರಿಯರಿಗೆ ಗೊತ್ತು, ಈಗ ನೀರು ನಿಂತಲ್ಲಿ ಬಿಳಿಜೋಳದ ಹೊಲ ಇದ್ದವು, ಬೇವಿನ ಗಿಡದ ಕೆಳಗೆ ಗುಡಿ ಇದ್ದವು, ನಮ್ಮ ನಿಮ್ಮ ಮನೆಗಳಿದ್ದವು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಐದು ದಿನದಲ್ಲಿ ನೆಹರೂ ತೀರಿಕೊಂಡರು. ಮುಂದಿನ ತಿಂಗಳು ಶಾಸ್ತ್ರಿಯವರೇ ಪ್ರಧಾನಿಯಾದರು. ಅವರ ಹೆಸರೇ ಈಗ ಜಲಾಶಯಕ್ಕೆ ಇದೆ. ಕೆಳಗೆ ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿಯಿತು. ಮುದ್ದೇಬಿಹಾಳ ಕಡೆಯ ಬಂಧುಗಳು ನಮಗಿಂತ ಮೊದಲೇ ಹಿನ್ನೀರು ಕಂಡವರು. 2000ದಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯಲ್ಲಿ 519.6 ಮೀಟರ್ ವರೆಗೆ ನೀರು ನಿಲ್ಲಿಸಲು ಒಪ್ಪಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅಣೆಕಟ್ಟೆಯನ್ನು ನಾಡಿಗೆ ಅರ್ಪಿಸಿದರು. 123 ಟಿ.ಎಂ.ಸಿ. ನೀರು ನಿಲ್ಲುವ ಸಾಗರ ಇದು.

ಆ ನೀರಿಗಾಗಿ ಹಳೇ ಕೊಲ್ಹಾರ ಬಿಟ್ಟು ಹೊಸ ಕೊಲ್ಹಾರ ಕಟ್ಟಿದರು. ಬಾಗಲಕೋಟೆಯವರು ನವನಗರಕ್ಕೆ ಹೋದರು. ನಾವೂ ಗಂಟು ಮೂಟೆ ಕಟ್ಟಿಕೊಂಡು ಮೇಲೆ ಬಂದೆವು. ಪುನರ್ವಸತಿ ಕೇಂದ್ರದ ಒಂದೇ ಅಳತೆಯ ಜಾಗದಲ್ಲಿ ಹೊಸದಾಗಿ ಒಲೆ ಹೂಡಿದೆವು. ಆಗ ಯಾರ ಕೈಯಲ್ಲಿ ಎಷ್ಟು ದುಡ್ಡಿತ್ತು, ಅದು ಎಷ್ಟು ಬೇಗ ಕರಗಿತು, ನಿಮಗೆ ಗೊತ್ತು. ಆ ಹೊತ್ತಿನಲ್ಲಿ ಹುಟ್ಟಿದ್ದು ಈ ಸಂಘ. ಹೊಲ ಕಳೆದುಕೊಂಡವರು ಹೊಸದಾಗಿ ನಿಲ್ಲಬೇಕಾದರೆ ಒಬ್ಬರ ಹೆಗಲು ಒಬ್ಬರಿಗೆ ಬೇಕು ಅಂತ ಹಿರಿಯರು ಷೇರು ಕೂಡಿಸಿದರು.

ನಾವು ಊರು ಕಳೆದುಕೊಂಡ ಜಾಗದಲ್ಲಿಯೇ ಹಕ್ಕಿಗಳು ಊರು ಕಂಡುಕೊಂಡವು. ನಮ್ಮದು ಬಯಲುಸೀಮೆ. ಸಮುದ್ರ ನೋಡಬೇಕಾದರೆ ಘಟ್ಟ ಇಳಿದು ಕಾರವಾರಕ್ಕೆ ಹೋಗಬೇಕು. ಅಂಥ ನೆಲದಲ್ಲಿ ಈಗ ಬೇಸಿಗೆ ಬಂತೆಂದರೆ ಮೈಲಿಗಟ್ಟಲೆ ಕೆಸರು, ಉಸುಕು, ತೆರೆ, ನಡುಗಡ್ಡೆ. ಪರ ಊರಿನಿಂದ ಬಂದ ಬೀಗರು, ‘ನಿಮ್ಮೂರಿಗೆ ಸಮುದ್ರ ಬಂದೈತಲ್ರಿ’ ಅನ್ನುತ್ತಾರೆ.

ದಂಡಿಯ ಒಂದು ವರ್ಷ

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ನೀರು ತಳ ಕಂಡಿರುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆಯಾದರೆ ಇಲ್ಲಿ ನಮ್ಮ ದಂಡಿ ಏರುತ್ತದೆ. ಕೆಂಪು ನೀರು ಬಂತೆಂದರೆ ತೆಪ್ಪಗಳನ್ನು ಮೇಲಕ್ಕೆ ಎಳೆದು ಬೋರಲು ಹಾಕುತ್ತೇವೆ. ಬಲೆ ಹೆಣೆಯುವುದು, ಹರಿದದ್ದು ಕೂಡಿಸುವುದು ಆಗಿನ ಕೆಲಸ. ಬಳ್ಳಾರಿ ಜಾಲಿಯ ಗಿಡಗಳಲ್ಲಿ ಬೆಳ್ಳಕ್ಕಿ, ನೀರುಕಾಗಿ ಗೂಡು ಕಟ್ಟುತ್ತವೆ. ಹೊಲದ ಬಾವಿಯ ಮೇಲೆ ಬಾಗಿದ ಜಾಲಿಗೆ ಗೀಜಗ ಹಕ್ಕಿ ಗೂಡು ನೇಯುತ್ತದೆ. ಗಂಡು ಗೀಜಗ ಅರ್ಧ ಗೂಡು ನೇಯ್ದು ಹೆಣ್ಣನ್ನು ಕರೆಯುತ್ತದೆ; ಅದು ಬಂದು ನೋಡಿ ಒಪ್ಪಿದರೆ ಮಾತ್ರ ಉಳಿದರ್ಧ ಮುಗಿಸುತ್ತದೆ. ನಮ್ಮಲ್ಲಿ ಮನಿ ನೋಡಿ ಹೆಣ್ಣು ಕೊಡುವ ಪದ್ಧತಿಯೇ ಅಲ್ಲಿಯೂ ಇದೆ ನೋಡ್ರಿ.

ಆಗಸ್ಟಿನಲ್ಲಿ ಸಾಗರ ತುಂಬುತ್ತದೆ. ನಾಗರ ಪಂಚಮಿಗೆ ಜೋಕಾಲಿ ಆಡುವ ಹೆಣ್ಣುಮಕ್ಕಳಿಗೆ ಹಗ್ಗ ಮೇಲೆ ಹೋದಾಗ ಆಚೆ ದಂಡಿ ಕಾಣುತ್ತದೆ. ಉತ್ತರಿ, ಹಸ್ತ ಮಳೆಗೆ ಎರೆಹೊಲದಲ್ಲಿ ಬಿಳಿಜೋಳ, ಕಡಲೆ ಬಿತ್ತುತ್ತೇವೆ. ಕೂರಿಗೆಯ ಹಿಂದೆ ಬೆಳ್ಳಕ್ಕಿ ಸಾಲು ಹಿಡಿದು ನಡೆಯುತ್ತವೆ. ಬೀಜ ತಿನ್ನಲಿಕ್ಕಲ್ಲ, ಮಣ್ಣಿನಿಂದ ಮೇಲೆ ಬಂದ ಹುಳ ತಿನ್ನಲಿಕ್ಕೆ.

ದೀಪಾವಳಿ ಕಳೆದು ಚಳಿ ಬಿದ್ದಾಗ ಪರದೇಶದ ಹಕ್ಕಿಗಳು ಇಳಿಯತೊಡಗುತ್ತವೆ. ನೀರೂ ಆಗ ಮೆಲ್ಲಗೆ ಹಿಂದೆ ಸರಿಯುತ್ತದೆ. ಕಾಲುವೆಗೆ ಬಿಟ್ಟಷ್ಟು, ಕುಡಿಯಲು ಎತ್ತಿದಷ್ಟು ದಂಡಿ ಕೆಳಕ್ಕೆ ಇಳಿಯುತ್ತದೆ. ಬಿಟ್ಟುಹೋದ ಮೆಕ್ಕಲು ಮಣ್ಣಿನಲ್ಲಿ ನಾವು ಕಡಲೆ, ಸೌತೆ, ಕಲ್ಲಂಗಡಿ ಹಾಕುತ್ತೇವೆ. ಎಳ್ಳ ಅಮಾಸಿಗೆ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ, ಕಡಬು, ಭಜ್ಜಿ ಪಲ್ಯದ ಚರಗ ಚೆಲ್ಲುತ್ತೇವೆ. ಭೂಮಿತಾಯಿಗೆಂದು ಚೆಲ್ಲಿದ ಆ ಚರಗವನ್ನು ತಿನ್ನುವವರು ಯಾರು? ಗುಬ್ಬಿ, ಕಾಗಿ, ಗೊರವಂಕ. ಹಕ್ಕಿಗೆ ಪಾಲು ಇಡುವುದು ಪೇಟೆಯವರು ಬಂದು ಕಲಿಸಿದ ಹೊಸ ಪಾಠವಲ್ಲ, ನಮ್ಮ ಆಯಿ-ಮುತ್ಯಾ ನಡೆಸಿಕೊಂಡು ಬಂದ ಪದ್ಧತಿ.

ಜೋಳ ಹಾಲುಗಾಳಿಗೆ ಬಂದಾಗ ಅಟ್ಟದ ಮೇಲೆ ನಿಂತು ಕವಣಿ ಬೀಸುವ ಕಾಲ. ಗುಲಾಬಿ ಮೈಯ, ಕಪ್ಪು ತಲೆಯ ಮೈನಾ ಹಕ್ಕಿಗಳು ಮೋಡದಂತೆ ಬಂದು ಕೂಡುತ್ತವೆ. ಇವು ಮಧ್ಯ ಏಷ್ಯಾದಿಂದ ಬರುವವು. ತೆನೆ ತಿನ್ನುವುದು ನಿಜ. ಮಿಡತೆ ತಿನ್ನುವುದೂ ಅಷ್ಟೇ ನಿಜ. ಸೀತನಿ ತಿನ್ನಲು ಬಂದ ಬೀಗರನ್ನು ನಾವು ಓಡಿಸುತ್ತೇವೆಯೆ? ಇವನ್ನು ಮಾತ್ರ ಕೂಗಿ ಓಡಿಸಬೇಕು, ಬೇರೆ ದಾರಿ ಇಲ್ಲ. ಆದರೆ ಕೂಗಿ ಓಡಿಸುವುದು ಬೇರೆ, ವಿಷವಿಟ್ಟು ಕೊಲ್ಲುವುದು ಬೇರೆ.

ಫೆಬ್ರುವರಿ ದಾಟಿತೆಂದರೆ ಬೇಸಿಗೆ. ಮೀನಿನ ಸುಗ್ಗಿ. ಕಟ್ಲಾ, ರೋಹು, ಮೃಗಾಲ್, ಜಿಲೇಬಿ ಬುಟ್ಟಿಗಟ್ಟಲೆ ಬರುತ್ತವೆ. ಬೆಳಗಿನ ಜಾವ ತೆಪ್ಪ ದಂಡಿಗೆ ಬರುವ ಹೊತ್ತಿಗೆ ಮೋಟಾರ್ ಸೈಕಲ್ ಮೇಲೆ ಮೀನು ವ್ಯಾಪಾರಿಗಳು ಕಾಯುತ್ತಿರುತ್ತಾರೆ. ಕೊಲ್ಹಾರದ ಗಡಿಗೆ ಮೊಸರಿನವರೂ ಅದೇ ಹೊತ್ತಿಗೆ ಬಸ್ಸು ಹಿಡಿಯುತ್ತಾರೆ. ಕೆಸರು ಬಯಲಾದಲ್ಲಿ ಹಕ್ಕಿಗಳ ಸಂತೆಯೂ ಆಗಲೇ.

ಯಾರು ಎಲ್ಲಿಂದ ಬರುತ್ತಾರೆ

ದೊಡ್ಡ ಅತಿಥಿ ಅಂದರೆ ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ಇದರ ತವರು ಮಂಗೋಲಿಯಾ, ಟಿಬೆಟ್ಟು, ಲಡಾಖ್. ಮಂಗೋಲಿಯಾದಿಂದ ನಮ್ಮಲ್ಲಿಗೆ ನೇರ ಗೆರೆ ಎಳೆದರೂ 4,000 ಕಿ.ಮೀ. ಆಸುಪಾಸು ಆಗುತ್ತದೆ. ನಡುವೆ ಹಿಮಾಲಯ. ವಿಜ್ಞಾನಿಗಳು ಇವುಗಳ ಮೈಗೆ ಸಣ್ಣ ಯಂತ್ರ ಕಟ್ಟಿ ಹಾರಾಟ ಅಳೆದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಯಿತು. ಅಷ್ಟು ಎತ್ತರದಲ್ಲಿ ಮನುಷ್ಯನಿಗೆ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಎರಡು-ಮೂರು ಕಿಲೋ ತೂಗುವ ಹಕ್ಕಿ ರೆಕ್ಕೆ ಬಡಿಯುತ್ತಲೇ ದಾಟುತ್ತದೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಯಾರಾದರೂ ಅಂಥ ಪಟ್ಟಿಯ ಹಕ್ಕಿ ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ-ಅಂಕಿ ಬರೆದುಕೊಳ್ಳಿರಿ. ಅದು ಆ ಹಕ್ಕಿಯ ಪಾಸ್‌ಬುಕ್ ನಂಬರ್ ಇದ್ದ ಹಾಗೆ.

ಇನ್ನೊಂದು ಕರ್ಕುಂಜ. ಬೂದು ಮೈ, ಕರಿ ಕೊರಳು, ಕೆಂಪು ಕಣ್ಣು, ಕಣ್ಣಿನ ಹಿಂದೆ ಬಿಳಿ ಜುಟ್ಟು. ಮಂಗೋಲಿಯಾ, ಕಜಕಸ್ತಾನದ ಹುಲ್ಲುಗಾವಲಿನಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ನಾಡಿಗೆ ಬರುತ್ತದೆ. ಆಕಾಶದಲ್ಲಿ ಗೆರೆ ಎಳೆದಂತೆ ಸಾಲು ಕಟ್ಟಿ ಕೂಗುತ್ತ ಹೋಗುತ್ತದೆ. ಹಗಲು ಹೊಲದಲ್ಲಿ ಮೇಯ್ದು ರಾತ್ರಿ ಆಳವಿಲ್ಲದ ನೀರಿನಲ್ಲಿ ನಿಂತು ನಿದ್ದೆ ಮಾಡುತ್ತದೆ. ನೀರಿನಲ್ಲಿ ನಿಂತರೆ ನರಿ, ನಾಯಿ ಬಂದ ಸಪ್ಪಳ ಕೇಳುತ್ತದೆ, ಅದಕ್ಕೆ.

ಕೇಸರಿ ಬಣ್ಣದ ಚಕ್ರವಾಕ ಲಡಾಖ್, ಟಿಬೆಟ್ ಕಡೆಯದು. ಇರುಳು ಜೋಡಿ ಅಗಲುತ್ತವೆಂದು ನಮ್ಮ ಹಳೆಯ ಕವಿಗಳು ಹಾಡಿದ ಹಕ್ಕಿ ಇದೇ. ಬೇಸಿಗೆಗೆ ಬರುವ ರಾಜಹಂಸ ಅಂದರೆ ಫ್ಲೆಮಿಂಗೊ, ಕಛ್ಛದ ರಣದಲ್ಲಿ ಮರಿ ಮಾಡುವ ಹಕ್ಕಿ. ತಲೆ ತಿರುವಿ ಕೊಕ್ಕು ಬೋರಲು ಮಾಡಿ ಕೆಸರು ನೀರು ಸೋಸಿ ಸಣ್ಣ ಸಣ್ಣ ಜೀವಿಗಳನ್ನು ತಿನ್ನುತ್ತದೆ. ತಿಂದದ್ದರಿಂದಲೇ ಅದಕ್ಕೆ ಆ ಗುಲಾಬಿ ಬಣ್ಣ. ಹಿನ್ನೀರಿನ ಆಚೆ ಬೀಳಗಿ ತಾಲೂಕಿನ ಹೆರಕಲ್ ಕಡೆ ಇದನ್ನು ನೋಡಲು ಜನ ಗಾಡಿ ಮಾಡಿಕೊಂಡು ಬರುತ್ತಾರೆ.

ಅತಿಥಿಗಳ ಮಾತಾಯಿತು. ಮನೆಯವರನ್ನು ಮರೆಯಬಾರದು. ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ಕಲ್ಲು ಬಿದ್ದಂತೆ ಬೀಳುವ ಕಪ್ಪು-ಬಿಳಿ ಮಿಂಚುಳ್ಳಿ, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆ, ಹಳದಿ ಕೊಕ್ಕಿನ ನದಿ ರೀವ. ಈ ರೀವ ಹಕ್ಕಿಗಳು ಒಂದೇ ಕಡೆ ಮುಳುಗೇಳುತ್ತಿದ್ದರೆ ಅಲ್ಲಿ ಸಣ್ಣ ಮೀನಿನ ಹಿಂಡು ಇದೆ ಅಂತ ನಮ್ಮ ಮೀನುಗಾರರು ತೆಪ್ಪ ತಿರುಗಿಸುತ್ತಾರೆ. ಹಕ್ಕಿ ನೋಡುವ ವಿದ್ಯೆ ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಟಿಟ್ಟಿಭದ ಕಥೆ ನಿಮಗೆ ಗೊತ್ತಲ್ಲ? ಪಂಚತಂತ್ರದಲ್ಲಿ ಸಮುದ್ರ ಅದರ ತತ್ತಿ ಎಳೆದುಕೊಂಡು ಹೋಗುತ್ತದೆ. ಸಣ್ಣ ಹಕ್ಕಿ ಸುಮ್ಮನೆ ಕೂಡುವುದಿಲ್ಲ. ಹಕ್ಕಿಗಳನ್ನೆಲ್ಲ ಕೂಡಿಸಿಕೊಂಡು ಗರುಡನ ತನಕ ದೂರು ಒಯ್ದು ತತ್ತಿ ಮರಳಿ ಪಡೆಯುತ್ತದೆ. ಆ ಕಥೆ ಓದುವಾಗೆಲ್ಲ ನನಗೆ ಪುನರ್ವಸತಿಗಾಗಿ ಕಚೇರಿಯಿಂದ ಕಚೇರಿಗೆ ತಿರುಗಿದ ನಮ್ಮ ಜನ ನೆನಪಾಗುತ್ತಾರೆ. ಒಬ್ಬೊಬ್ಬರೇ ಹೋದಾಗ ಆಗದ್ದು, ಕೂಡಿ ಹೋದಾಗ ಆಯಿತು. ಸಹಕಾರ ಅಂದರೆ ಅದೇ ಅಲ್ಲವೆ?

ನಾಲ್ಕೂ ಕಡೆಯ ನೀರು

ನಮ್ಮದೊಂದೇ ಊರಿನ ಹೆಮ್ಮೆ ಸಾಕು. ಇಂಡಿ, ಸಿಂದಗಿಯವರಿಗೆ ಭೀಮೆ ಇದ್ದಾಳೆ. ಮೇಲೆ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆಯ ಹಿನ್ನೀರಿನಲ್ಲಿ, ಭಿಗವಣ ಹತ್ತಿರ, ಮೀನುಗಾರರೇ ತಮ್ಮ ದೋಣಿಯಲ್ಲಿ ಜನರನ್ನು ಕೂಡಿಸಿಕೊಂಡು ರಾಜಹಂಸ ತೋರಿಸಿ ನಾಲ್ಕು ಕಾಸು ದುಡಿಯುತ್ತಾರೆ. ಅದೇ ಭೀಮೆ ಕೆಳಗೆ ನಿಮ್ಮ ಹೊಲದ ಬದಿಗೆ ಬರುತ್ತಾಳೆ. 2020ರ ಅಕ್ಟೋಬರಿನಲ್ಲಿ ಅವಳ ಸಿಟ್ಟೂ ನೀವು ಕಂಡಿದ್ದೀರಿ. ನದಿಯ ಉಸುಕು ಮನೆ ಕಟ್ಟಲು ಬೇಕು, ಒಪ್ಪಿದೆ. ಆದರೆ ಉಸುಕಿನ ದಿಬ್ಬವೇ ಉಳಿಯದಿದ್ದರೆ ಅದರ ಮೇಲೆ ತತ್ತಿ ಇಡುವ ಹಕ್ಕಿಯೂ ಇಲ್ಲ, ಬಾವಿಗೆ ಇಂಗುವ ನೀರೂ ಇಲ್ಲ.

ತಾಳಿಕೋಟೆ ಕಡೆ ಡೋಣಿ. ಡೋಣಿ ಬೆಳೆದರೆ ಓಣಿ ತುಂಬ ಕಾಳು ಅನ್ನುವುದು ಹಳೆಯ ಗಾದೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಗೂಗಿ. ಗೂಗಿಯನ್ನು ಅಪಶಕುನ ಅಂತ ಕಲ್ಲು ಹೊಡೆಯುತ್ತೇವೆ. ಅದೋ, ಸಂಬಳವಿಲ್ಲದೆ ರಾತ್ರಿ ಪಾಳಿ ಮಾಡುತ್ತದೆ. ಎರೆಹೊಲದ ದೊಡ್ಡ ಹಕ್ಕಿ, ನಮ್ಮ ನಾಡಿನ ಎರೆಭೂತವನ್ನು ಇಂದಿನ ಮಕ್ಕಳು ಚಿತ್ರದಲ್ಲಿ ಮಾತ್ರ ನೋಡಬೇಕು. ಸತ್ತ ದನವನ್ನು ಒಂದು ಹಗಲಿನಲ್ಲಿ ಮುಗಿಸುತ್ತಿದ್ದ ರಣಹದ್ದುಗಳು ಎಲ್ಲಿ ಹೋದವು? ದನಕ್ಕೆ ಚುಚ್ಚುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧ ಸತ್ತ ದನದ ಮೈಯಲ್ಲಿ ಉಳಿದು, ಅದನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಅಷ್ಟರಲ್ಲಿ ಹೊತ್ತು ಮೀರಿತ್ತು. ಊರ ಹೊರಗೆ ಈಗ ನಾಯಿಗಳ ಹಿಂಡು ಆ ಕೆಲಸ ಮಾಡುತ್ತಿದೆ. ಅದರ ತೊಂದರೆ ಏನು ಅಂತ ಕುರಿಗಾರರನ್ನು ಕೇಳಿರಿ.

‘ಸೊಸಾಯಿಟಿ ಸಾಲ ಹಕ್ಕಿ ಕಟ್ಟತಾವೇನ್ರಿ?’

ಈಗ ಕಷ್ಟದ ಮಾತಿಗೆ ಬರುತ್ತೇನೆ. ಹಿಂದಿನ ಒಂದು ಚಳಿಗಾಲ ದಂಡಿಯ ಬದಿಯ ಕಡಲೆ ಹೊಲದಲ್ಲಿ ನಮ್ಮ ಸದಸ್ಯರೊಬ್ಬರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಎರಡು ಎಕರೆ. ಮುಂಜಾನೆ ಹೋಗಿ ನೋಡಿದರೆ ಒಂದು ಮೂಲೆ ಪೂರಾ ತುಳಿದು ಮೇಯ್ದು ಹೋಗಿತ್ತು. ನಾನು ಹಕ್ಕಿಯ ಪರವಾಗಿ ಎರಡು ಮಾತು ಆಡಿದೆ. ಅವರು ನನ್ನ ಮುಖ ನೋಡಿ, ‘ಮಾಸ್ತರ್ರ, ನೀವು ನೋಡಿ ಚೆಂದ ಅಂತೀರಿ, ನನಗ ಬರೂದು ಬೆಳಿ ಸಾಲದ ನೋಟೀಸು. ಸೊಸಾಯಿಟಿ ಸಾಲ ಹಕ್ಕಿ ಕಟ್ಟತಾವೇನ್ರಿ?’ ಅಂದರು.

ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಹಕ್ಕಿ ಉಳಿಯಬೇಕು ಅನ್ನುವವರು ಆ ಎರಡು ಎಕರೆಯ ಲೆಕ್ಕಕ್ಕೂ ಉತ್ತರ ಹೇಳಬೇಕು. ಎಲ್ಲರ ಪುಣ್ಯದ ಖರ್ಚು ಒಬ್ಬ ರೈತನ ತಲೆ ಮೇಲೆ ಬೀಳಬಾರದು. ಬಸವಣ್ಣನವರು ಹುಟ್ಟಿದ ನೆಲ ಇದು. ದಾಸೋಹ ಅಂದರೆ ಕೂಡಿ ಹಂಚಿಕೊಳ್ಳುವುದು, ಒಬ್ಬನ ಗಂಗಾಳದಿಂದ ಕಿತ್ತು ಇನ್ನೊಬ್ಬರಿಗೆ ಬಡಿಸುವುದಲ್ಲ.

ಆದರೆ ಅದೇ ನೋವಿನಲ್ಲಿ ಕೆಲವರು ಕಾಳಿಗೆ ವಿಷ ಕಲಸಿ ದಂಡಿಗೆ ಚೆಲ್ಲುವ ವಿಚಾರ ಮಾಡುತ್ತಾರೆ. ಅವರಿಗೆ ಕೈ ಮುಗಿದು ಮೂರು ಮಾತು ಹೇಳುತ್ತೇನೆ. ಮೊದಲನೆಯದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಹಕ್ಕಿಗಳನ್ನು ಕೊಲ್ಲುವುದು ಅಪರಾಧ. ಕೋರ್ಟು ಕಚೇರಿ ಅಲೆದರೆ ಕಡಲೆಗಿಂತ ಹೆಚ್ಚು ಕಳೆಯುತ್ತದೆ. ಎರಡನೆಯದು, ವಿಷದ ಕಾಳು ಹಕ್ಕಿಯ ಹೆಸರು ನೋಡಿ ಕೊಲ್ಲುವುದಿಲ್ಲ. ನಮ್ಮ ಕೋಳಿ, ನವಿಲು, ಕುರಿ ಮರಿ, ಆಡುವ ಕೂಸು ಯಾರಿಗೂ ಅದು ಬಿಡುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ದಂಡಿಯ ಹೊಲ ಬೇಸಿಗೆಗೆ ಹೊಲ, ಮಳೆಗಾಲಕ್ಕೆ ಸಾಗರದ ತಳ. ಮಾರ್ಚಿನಲ್ಲಿ ನಾವು ಅಲ್ಲಿ ಚೆಲ್ಲಿದ್ದರ ಮೇಲೆ ಆಗಸ್ಟಿನಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನೇ ನಮ್ಮ ಹೆಣ್ಣುಮಕ್ಕಳು ಕೊಡದಲ್ಲಿ ಹಿಡಿಯುತ್ತಾರೆ. ವಿಜಯಪುರ ನಗರಕ್ಕೆ ಹೋಗುವ ನೀರೂ ಕೊಲ್ಹಾರದಿಂದಲೇ. ಹಕ್ಕಿಗೆ ಇಟ್ಟ ವಿಷ ಸುತ್ತಿ ಬಳಸಿ ನಮ್ಮ ಮಡಕೆಗೇ ಬರುತ್ತದೆ.

ಬೇರೆ ಊರವರು ಮಾಡಿದ್ದು

ನಮ್ಮ ಸಹಕಾರದ ಮೂಲ ಗದಗ ಜಿಲ್ಲೆಯ ಕಣಗಿನಹಾಳದಲ್ಲಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಪತ್ತಿನ ಸಂಘ ಕಟ್ಟಿ ನಾಡಿಗೆ ದಾರಿ ತೋರಿದರು. ಅದೇ ಗದಗ ಜಿಲ್ಲೆಯಲ್ಲಿ ಮಾಗಡಿ ಕೆರೆ ಇದೆ. ಸುಮಾರು 50 ಹೆಕ್ಟೇರಿನ, ನೀರಾವರಿಗೆಂದು ಕಟ್ಟಿದ ಸಾದಾ ಕೆರೆ. ಚಳಿಗಾಲಕ್ಕೆ ಅಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತು ಇಳಿಯುತ್ತವೆ. 2024ರಲ್ಲಿ ಆ ಕೆರೆಗೂ, ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆಗೂ ರಾಮ್‌ಸಾರ್ ತಾಣ ಎಂಬ ಜಗತ್ತಿನ ಮನ್ನಣೆ ಸಿಕ್ಕಿತು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಹುಣಸೆ ಮರದಲ್ಲೇ ಮರಿ ಮಾಡುತ್ತವೆ. ಊರವರು ಅವನ್ನು ತವರಿಗೆ ಬಂದ ಮಗಳಂತೆ ನೋಡಿಕೊಳ್ಳುತ್ತಾರೆ. ರಾಜಸ್ಥಾನದ ಖೀಚನ್ ಎಂಬ ಹಳ್ಳಿಯವರು ನಮ್ಮ ಇದೇ ಕರ್ಕುಂಜಗಳಿಗೆ ಚಳಿಗಾಲವಿಡೀ ಕಾಳು ಹಾಕುತ್ತಾರೆ. 2025ರಲ್ಲಿ ಅದಕ್ಕೂ ರಾಮ್‌ಸಾರ್ ಮನ್ನಣೆ ಬಂತು. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಗೆ ನದಿ ರೀವಗಳು ಸಾವಿರಗಟ್ಟಲೆ ಗೂಡು ಮಾಡುತ್ತವೆ. ಆ ಹಕ್ಕಿ ಜಗತ್ತಿನಲ್ಲಿ ಕಡಿಮೆಯಾಗುತ್ತಿದೆ ಅಂತ 2020ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ದಂಡಿಯಲ್ಲಿ ದಿನಾ ಕಾಣುವ ಹಕ್ಕಿ ಅದು.

ಈ ಊರುಗಳಲ್ಲಿ ಯಾರೂ ದೊಡ್ಡ ಸಾಹುಕಾರರಿಲ್ಲ. ನಮ್ಮಂಥ ಜನವೇ.

ಸಂಘಕ್ಕೆ ನನ್ನ ಐದು ಸೂಚನೆಗಳು

ಆಡಳಿತ ಮಂಡಳಿಯವರು ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಇವನ್ನು ಚರ್ಚೆಗೆ ಇಡಬೇಕೆಂದು ವಿನಂತಿ.

ಒಂದು: ಲಾಭದಲ್ಲಿ ನೂರಕ್ಕೆ ಒಂದು ರೂಪಾಯಿ ತೆಗೆದು ಪ್ರತ್ಯೇಕ ನಿಧಿ ಇಡೋಣ. ಹಕ್ಕಿ ಮೇಯ್ದು ಹಾನಿಯಾದ ಸದಸ್ಯರ ಹೊಲವನ್ನು ಪಂಚರು ನೋಡಿ ಬರೆದುಕೊಟ್ಟರೆ ಅದರಿಂದ ಸ್ವಲ್ಪವಾದರೂ ನೆರವು ಸಿಗಲಿ. ಪೂರ್ತಿ ತುಂಬಿ ಕೊಡಲಾಗದು, ಆದರೆ ‘ನೀನು ಒಬ್ಬನೇ ಅಲ್ಲ’ ಅನ್ನುವ ಧೈರ್ಯ ಬರುತ್ತದೆ. ಹೊಲ ಕಾಯಲು ಮಿನುಗುವ ರಿಬ್ಬನ್ನು ಕಟ್ಟುವುದು, ನಸುಕಿನಲ್ಲಿ ಮತ್ತು ಸಂಜೆ ಒಂದು ಸುತ್ತು ತಿರುಗುವುದು, ಅಕ್ಕಪಕ್ಕದವರು ಪಾಳಿ ಹಚ್ಚಿಕೊಳ್ಳುವುದು ಮಾಡಬೇಕು.

ಎರಡು: ಸಂಘದ ಅಂಗಡಿಯಲ್ಲಿ ಕ್ರಿಮಿನಾಶಕ ಕೊಡುವಾಗ ಯಾವ ಬೆಳೆಗೆ, ಎಷ್ಟು ಎಂದು ಕೇಳಿ ಪುಸ್ತಕದಲ್ಲಿ ಬರೆಯಲಿ. ಕಾಳಿಗೆ ಕಲಸಲು ಕೇಳಿದವರಿಗೆ ಕೊಡಬಾರದು. ಖಾಲಿ ಡಬ್ಬಿ ದಂಡಿಯಲ್ಲಿ ತೊಳೆಯಬಾರದು.

ಮೂರು: ಹರಿದ ನಾಯ್ಲಾನ್ ಬಲೆಯನ್ನು ದಂಡಿಯಲ್ಲಿ ಬಿಡಬಾರದು. ಕೆಸರಿನಲ್ಲಿ ಅರ್ಧ ಹೂತ ಬಲೆ ಹಕ್ಕಿಯ ಕಾಲಿಗೆ ಸುತ್ತಿದರೆ ಬಿಡಿಸಿಕೊಳ್ಳಲು ಬರುವುದಿಲ್ಲ, ಅಲ್ಲಿಯೇ ಒದ್ದಾಡಿ ಸಾಯುತ್ತದೆ. ಸಂಘದ ಕಚೇರಿ ಮುಂದೆ ಒಂದು ದೊಡ್ಡ ಚೀಲ ಇಡೋಣ. ಹಳೆಯ ಬಲೆ ತಂದು ಹಾಕಿದವರಿಗೆ ಹೊಸ ಬಲೆಯ ಸಾಲದಲ್ಲಿ ಮೊದಲ ಸರದಿ ಕೊಡೋಣ.

ನಾಲ್ಕು: ಮಾರ್ಚಿನಿಂದ ಮೇ ತನಕ ನಡುಗಡ್ಡೆಗೆ ತೆಪ್ಪ ಹಚ್ಚುವುದು ಬೇಡ, ಕುರಿ ಒಯ್ಯುವುದು ಬೇಡ, ನಾಯಿ ಬಿಡುವುದಂತೂ ಬೇಡವೇ ಬೇಡ. ರೀವ, ಟಿಟ್ಟಿಭ ಬರೀ ನೆಲದ ಮೇಲೆ ತತ್ತಿ ಇಡುತ್ತವೆ. ತತ್ತಿ ಬೆಣಚುಕಲ್ಲಿನ ಬಣ್ಣದ್ದೇ ಇರುತ್ತದೆ, ಕಾಲಿಗೆ ಸಿಕ್ಕ ಮೇಲೇ ಗೊತ್ತಾಗುವುದು. ತಾಯಿ ಹಕ್ಕಿಯನ್ನು ಸುಡು ಬಿಸಿಲಿನಲ್ಲಿ ಗೂಡಿನಿಂದ ಎಬ್ಬಿಸಿದರೆ ಸ್ವಲ್ಪ ಹೊತ್ತಿನಲ್ಲೇ ತತ್ತಿ ಬೆಂದುಹೋಗುತ್ತದೆ.

ಐದು: ಸಂಘದಲ್ಲಿ ದಾಸ್ತಾನು ಪುಸ್ತಕ ಇರುವಂತೆ ಒಂದು ಹಕ್ಕಿ ಪುಸ್ತಕ ಇರಲಿ. ಶಾಲೆಯ ಮಕ್ಕಳು ವಾರಕ್ಕೊಮ್ಮೆ ದಂಡಿಗೆ ಹೋಗಿ ಯಾವ ಹಕ್ಕಿ, ಎಷ್ಟು, ನೀರು ಎಲ್ಲಿತ್ತು ಎಂದು ಬರೆಯಲಿ. ಏಷ್ಯಾ ಖಂಡದಲ್ಲೆಲ್ಲ 1987ರಿಂದ ಪ್ರತಿ ಜನವರಿಯಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ನಮ್ಮೂರಿನ ಲೆಕ್ಕವೂ ಅದಕ್ಕೆ ಸೇರಬಹುದು. ಇನ್ನೊಂದು ಮಾತು. ಇಂಡಿ ಸೀಮೆಯ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದೆ ಹಾಡುವ ತಾಯಂದಿರಿಂದ ಕೇಳಿ ಬರೆದುಕೊಂಡರು, ‘ಗರತಿಯ ಹಾಡು’ ಉಳಿಯಿತು. ಹಾಗೆಯೇ ಮಕ್ಕಳು ತಮ್ಮ ಆಯಿ-ಮುತ್ಯಾನ ಹತ್ತಿರ ಕೂತು ಹಕ್ಕಿಗಳ ಹೆಸರು ಕೇಳಿ ಬರೆದುಕೊಳ್ಳಲಿ. ಹಿರಿಯರು ಹೋದರೆ ಆ ಹೆಸರುಗಳೂ ಹೋಗುತ್ತವೆ.

ನೋಡುವುದು ಹೇಗೆ

ದುರ್ಬೀನು ಇಲ್ಲದೆ ಹಕ್ಕಿ ನೋಡಲಾಗದು ಅಂತ ಏನಿಲ್ಲ. ಇದ್ದರೆ ಒಳ್ಳೆಯದು, ಸಂಘ ಶಾಲೆಗೆ ಒಂದು ಕೊಡಿಸಿದರೆ ಬಹಳ ಸಂತೋಷ. ಸೂರ್ಯ ಬೆನ್ನಿಗಿರಲಿ, ಆಗ ಬಣ್ಣ ಕಾಣುತ್ತದೆ. ಮಣ್ಣಿನ ಬಣ್ಣದ ಅರಿವೆ ಹಾಕಿರಿ. ಹಕ್ಕಿಯ ಕಡೆ ನೇರ ನಡೆಯಬೇಡಿರಿ, ಓರೆಯಾಗಿ ಮೆಲ್ಲಗೆ ನಡೆಯಿರಿ, ಇಲ್ಲವೆ ಒಂದು ಕಡೆ ಕೂತುಬಿಡಿರಿ. ಹಕ್ಕಿಗಳು ತಲೆ ಎತ್ತಿ ನೋಡತೊಡಗಿದರೆ ಅಲ್ಲಿಯೇ ನಿಲ್ಲಿರಿ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಹಿಂಡಿಗೆ ಹಿಂಡನ್ನೇ ಎಬ್ಬಿಸುವ ಹುಡುಗರಿಗೆ ಇಷ್ಟೇ ಹೇಳುವುದು: ಉಣ್ಣಲು ಕೂತವರನ್ನು ಎಬ್ಬಿಸುವುದು ನಮ್ಮ ಸೀಮೆಯ ರೀತಿಯಲ್ಲ. ಅವು ಇಲ್ಲಿ ತಿಂದು ಕಟ್ಟಿಕೊಂಡ ಕಸುವಿನಿಂದಲೇ ಮಾರ್ಚಿನಲ್ಲಿ ಮತ್ತೆ ಹಿಮಾಲಯ ದಾಟಬೇಕು.

‘ಹಕ್ಕಿ ನೋಡೂದು ಹೊಟ್ಟಿ ತುಂಬಿದವರ ಕೆಲಸ ಬಿಡ್ರಿ’ ಅಂತ ಒಬ್ಬರು ನನಗೆ ಅಂದಿದ್ದರು. ನಾನು ನೋಡಿದ ಮಟ್ಟಿಗೆ ದಂಡಿಯಲ್ಲಿ ಹಕ್ಕಿಯನ್ನು ಹೆಚ್ಚು ನೋಡುವವರು ತೆಪ್ಪದವರು, ಕುರಿಗಾರರು, ಅಟ್ಟದ ಮೇಲೆ ನಿಂತ ಹೆಣ್ಣುಮಕ್ಕಳು. ನೋಡುವುದು ಅವರ ದುಡಿಮೆಯ ಒಂದು ಭಾಗ. ನಾನು ಅವರಿಂದ ಕಲಿತವನು.

ಮುಂದಿನ ನೀರು

ಕಡೆಯದಾಗಿ, ನಮ್ಮೆಲ್ಲರ ಮನಸ್ಸಿನಲ್ಲಿರುವ ಮಾತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯಲ್ಲಿ 524.256 ಮೀಟರ್ ವರೆಗೆ ನೀರು ನಿಲ್ಲಿಸಲು ಅನುಮತಿ ಕೊಟ್ಟಿದೆ. ಎತ್ತರ ಏರಿದ ದಿನ ದಂಡಿ ಮತ್ತೆ ಸರಿಯುತ್ತದೆ. ಮತ್ತಷ್ಟು ಹೊಲ, ಮತ್ತಷ್ಟು ಮನೆ ಹೋಗುತ್ತವೆ. ಒಣ ಹೊಲಗಳಿಗೆ ನೀರು ಹರಿಯುವುದು ಒಳ್ಳೆಯದೇ. ಇಂಡಿ, ಸಿಂದಗಿಯ ರೈತರು ಆ ನೀರಿಗಾಗಿ ಕಾದಿದ್ದಾರೆ. ಆದರೆ ಮುಳುಗುವವರ ಲೆಕ್ಕ ಹಾಕುವಾಗ ಈ ಸಲ ನಾವು ಬರೆದಿಟ್ಟ ಪುಸ್ತಕ ಕೈಯಲ್ಲಿ ಇರಬೇಕು. ಯಾವ ಹೊಲದಲ್ಲಿ ಏನು ಬೆಳೆಯುತ್ತಿತ್ತು, ಯಾವ ನಡುಗಡ್ಡೆಯಲ್ಲಿ ಎಷ್ಟು ಗೂಡು ಇದ್ದವು, ಎಷ್ಟು ಮನೆಗಳು ಮೀನಿನ ಮೇಲೆ ಬದುಕುತ್ತಿದ್ದವು, ಎಲ್ಲ ಅದರಲ್ಲಿ ಇರಬೇಕು. ಹಳೇ ಊರು ಮುಳುಗಿದಾಗ ನಮ್ಮ ಹತ್ತಿರ ಬರಹ ಕಡಿಮೆ ಇತ್ತು, ಅಳು ಹೆಚ್ಚು ಇತ್ತು. ಕಾಗದ ಕೇಳಿದಲ್ಲಿ ಅಳು ನಡೆಯುವುದಿಲ್ಲ.

ಇಪ್ಪತ್ತೈದು ವರ್ಷ ಈ ಸಂಘ ನಮ್ಮ ದುಡ್ಡಿನ ಲೆಕ್ಕ ಒಂದು ಪೈಸೆ ತಪ್ಪದಂತೆ ಇಟ್ಟಿದೆ. ಮುಂದಿನ ಇಪ್ಪತ್ತೈದು ವರ್ಷ ನಮ್ಮ ನೀರಿನ, ನೆಲದ, ಹಕ್ಕಿಯ ಲೆಕ್ಕವನ್ನೂ ಇಡಲಿ. ಬಂಗಾರದ ಹಬ್ಬಕ್ಕೆ ಈ ವೇದಿಕೆಯ ಮೇಲೆ ನಿಂತು ಮಾತಾಡುವವರು ಈಗ ಮುಂದಿನ ಸಾಲಿನಲ್ಲಿ ಕೂತು ಗುಳು ಗುಳು ಮಾತಾಡುತ್ತಿರುವ ಈ ಮಕ್ಕಳು. ಅವರು ಪುಸ್ತಕ ತೆಗೆದು ಓದಿದಾಗ ಹಕ್ಕಿಗಳ ಅಂಕಿ ಕಡಿಮೆಯಾಗಿರಬಾರದು, ಸದಸ್ಯರ ಸಾಲವೂ ಏರಿರಬಾರದು. ಎರಡೂ ಕೂಡಿಯೇ ಆಗಬೇಕಾದ ಕೆಲಸ.